ಮಕ್ಕಳ ಒಳ್ಳೆಯ ಕತೆಗಳು ದೊಡ್ಡವರ ಮನಸ್ಸನ್ನೂ ಏಕೆ ತಟ್ಟುತ್ತವೆ?

ಮಕ್ಕಳಿಗೆ ಬರೆಯುವಾಗ ಮಾತಿನ ಮರೆಯಲ್ಲಿ ಅಡಗಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಅಂಥ ಕತೆಗಳು ದೊಡ್ಡವರಿಗೂ ನೇರವಾಗಿ ನಾಟುತ್ತವೆ. ಸಾವು, ಅಗಲಿಕೆ, ಅಸೂಯೆಗಳನ್ನು ನಾವು ನಮ್ಮನಮ್ಮಲ್ಲಿ ಸುತ್ತಿ ಬಳಸಿ ಹೇಳುತ್ತೇವೆ. ಮಗು ಬಿಡುವುದಿಲ್ಲ. ‘ಅವಳು ಮತ್ತೆ ಬರುತ್ತಾಳಾ?’ ಎಂದು ಕೇಳಿಬಿಡುತ್ತದೆ. ಲೇಖಕ ಉತ್ತರ ಕೊಡಲೇಬೇಕು.

ಅಮೆರಿಕದ ಲೇಖಕ ಇ. ಬಿ. ವೈಟ್ ಅವರ 1952ರ ಮಕ್ಕಳ ಕಾದಂಬರಿ ‘ಷಾರ್ಲಟ್ಸ್ ವೆಬ್’ ನೋಡಿ. ಹಂದಿಮರಿಯ ಜೀವ ಉಳಿಸಿದ ಹೆಣ್ಣುಜೇಡ, ಜಾತ್ರೆ ಮುಗಿದು ಬರಿದಾದ ಬಯಲಿನಲ್ಲಿ ಒಂಟಿಯಾಗಿ ಸಾಯುತ್ತದೆ. ಪವಾಡವೇನೂ ನಡೆಯುವುದಿಲ್ಲ. ಅದರ ಮೊಟ್ಟೆಗಳ ಚೀಲವನ್ನು ಹಂದಿಮರಿ ಬಾಯಲ್ಲಿಟ್ಟುಕೊಂಡು ಜೋಪಾನವಾಗಿ ಕೊಟ್ಟಿಗೆಗೆ ತರುತ್ತದೆ. ಕೇಳುವ ಮಗುವಿಗೆ ಅದು ಗೆಳತಿಯನ್ನು ಕಳೆದುಕೊಂಡ ದುಃಖ. ಓದಿ ಹೇಳುತ್ತಿರುವ ತಾಯಿಗೋ ತಂದೆಗೋ ಕಾಣುವುದು, ತಾನೆಂದೂ ನೋಡಲಾಗದ ಮಕ್ಕಳಿಗಾಗಿ ಉಳಿದ ಶಕ್ತಿಯನ್ನೆಲ್ಲ ಸುರಿದ ಜೀವ. ಕತೆ ಅದೇ, ಸರಳ ವಾಕ್ಯಗಳೂ ಅವೇ. ಅವುಗಳೊಳಗೆ ಓದುವವರು ತುಂಬುವ ಬದುಕು ಬೇರೆ.

ಮಕ್ಕಳಿಗೆ ನೋವಾದೀತೆಂದು ಆ ಸಾವನ್ನು ಕೈಬಿಟ್ಟಿದ್ದರೆ ಪುಸ್ತಕ ಇಬ್ಬರಿಗೂ ಸುಳ್ಳು ಹೇಳಿದಂತಾಗುತ್ತಿತ್ತು ಎಂಬುದು ನನ್ನ ಗಟ್ಟಿ ನಂಬಿಕೆ. ಆ ಪುಟವನ್ನು ಜೋರಾಗಿ ಓದುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.