ವಿಂಡೋ ಎಲ್ಲಿ ತೆರೆಯಬೇಕು?

ಪ್ರಶ್ನೆ: ಲಿನಕ್ಸ್‌ನಲ್ಲಿ ಎರಡು ಮಾನಿಟರ್ ಬಳಸುತ್ತೇನೆ. ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ಬದಲಾದ ಮೇಲೆ ಆಪ್‌ಗಳು ಮುಚ್ಚಿದ ಜಾಗದಲ್ಲೇ ತೆರೆಯುತ್ತಿಲ್ಲ. ತಪ್ಪು ಆಪ್‌ನದ್ದೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಅಲ್ಲ. ಹಳೆಯ ವ್ಯವಸ್ಥೆಯಾದ ಎಕ್ಸ್11ನಲ್ಲಿ ಆಪ್ ಇಂಥ ಕಡೆಯೇ ಜಾಗ ಬೇಕೆಂದು ಕೇಳಬಹುದಿತ್ತು. ವೇಲ್ಯಾಂಡ್‌ನಲ್ಲಿ ಪರದೆಯ ಮೇಲೆ ತಾನೆಲ್ಲಿದ್ದೇನೆಂಬುದೇ ಅದಕ್ಕೆ ತಿಳಿಯದು. ಜಾಗ ಕೊಡುವುದು ಕಾಂಪೋಸಿಟರ್, ಅಂದರೆ ಎಲ್ಲ ವಿಂಡೋಗಳನ್ನು ಜೋಡಿಸಿ ಪರದೆಯಲ್ಲಿ ತೋರಿಸುವ ಪ್ರೋಗ್ರಾಂ. ಇದೇ ಸರಿಯಾದ ಕ್ರಮ. 1920 ಪಿಕ್ಸೆಲ್ ಅಗಲದ ಪರದೆಯ ಬಲಕ್ಕೆ ಎರಡನೆಯದಿದ್ದಾಗ ಆಪ್ ತನ್ನ ಜಾಗ ಎಡದಿಂದ 2500ನೇ ಪಿಕ್ಸೆಲ್ ಎಂದು ಬರೆದಿಟ್ಟುಕೊಂಡರೆ, ಆ ಮಾನಿಟರ್ ಕಳಚಿದಾಗ ವಿಂಡೋ ಕಣ್ಣಿಗೇ ಬೀಳದೆ ಹೋಗಬಹುದು.

ಆದರೆ ಬಳಸುವವರ ಕೈಯಲ್ಲಿ ಹಿಡಿತ ಇರಲೇಬೇಕು. ನಿಮ್ಮ ಡೆಸ್ಕ್‌ಟಾಪ್ ಕೆಡಿಇ ಪ್ಲಾಸ್ಮಾ ಆದರೆ ಟೈಟಲ್ ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಮೋರ್ ಆ್ಯಕ್ಷನ್ಸ್’ ಒಳಗಿನ ‘ಕಾನ್ಫಿಗರ್ ಸ್ಪೆಷಲ್ ವಿಂಡೋ ಸೆಟಿಂಗ್ಸ್’ ತೆರೆಯಿರಿ. ‘ಪೊಸಿಷನ್’ ಸೇರಿಸಿ ‘ರಿಮೆಂಬರ್’ ಆರಿಸಿ. ‘ಫೋರ್ಸ್’ ಬೇಡ, ಆಮೇಲೆ ಎಳೆದರೂ ವಿಂಡೋ ಕದಲದು.