ಅಕೇಡಿಯಾಗೆ ಹೊರಟವರ ಪ್ರಶ್ನೆಗಳು: ಮೊದಲು ಉಬ್ಬರ ಇಳಿತದ ಹೊತ್ತು ನೋಡಿ

ಪ್ರಶ್ನೆ: ಮಗಳು ಬಾಸ್ಟನ್‌ನಲ್ಲಿದ್ದಾಳೆ. ಸೆಪ್ಟೆಂಬರ್‌ನಲ್ಲಿ ನಾವಿಬ್ಬರೂ ಅವಳ ಹತ್ತಿರ ಹೋಗುತ್ತಿದ್ದೇವೆ. ಎರಡು ದಿನ ಮೇನ್ ರಾಜ್ಯದ ಅಕೇಡಿಯಾ ರಾಷ್ಟ್ರೀಯ ಉದ್ಯಾನಕ್ಕೆ ಕರ್ಕೊಂಡು ಹೋಗ್ತೀನಿ ಅಂದಿದ್ದಾಳೆ. ನನಗೆ ಮಂಡಿ ನೋವು. ಬೆಟ್ಟ ಹತ್ತದೆ ನೋಡುವಂಥದ್ದು ಅಲ್ಲಿ ಏನಾದರೂ ಇದೆಯಾ? ಇಲ್ಲ, ಕಾರಿನಲ್ಲೇ ಕೂತು ಬರಬೇಕಾ?
– ಓದುಗರು, ಮೈಸೂರು

ಉತ್ತರ: ಬೇಕಾದಷ್ಟಿದೆ. ಧೈರ್ಯವಾಗಿ ಹೊರಡಿ. ಬಾಸ್ಟನ್‌ನಿಂದ ಸುಮಾರು ಐದು ಗಂಟೆಯ ದಾರಿ. ಉದ್ಯಾನದ ದೊಡ್ಡ ಭಾಗ ಇರುವುದು ಮೌಂಟ್ ಡೆಸರ್ಟ್ ದ್ವೀಪದಲ್ಲಿ. ದ್ವೀಪವಾದರೂ ದೋಣಿ ಹತ್ತಬೇಕಿಲ್ಲ, ಕಾರು ನೇರವಾಗಿ ಹೋಗುತ್ತದೆ.

ನಾನು ಹೊನ್ನಾವರದ ಕಡಲ ಪಕ್ಕ ಬೆಳೆದವಳು. ಮರಳು, ತೆಂಗು, ಅಳಿವೆ ನೋಡಿದ ಕಣ್ಣಿಗೆ ಈ ಅಟ್ಲಾಂಟಿಕ್ ತೀರ ಬೇರೆಯೇ ಕಾಣುತ್ತದೆ. ನಸುಗುಲಾಬಿ ಗ್ರಾನೈಟ್ ಬಂಡೆ ಸೀದಾ ನೀರಿಗೆ ಇಳಿದಿರುತ್ತದೆ. ಬಂಡೆ ಮುಗಿದಲ್ಲೇ ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರಗಳ ಕಾಡು ಶುರು. ಊರಿಂದ ಅಮ್ಮ ಬಂದಾಗಲೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅವರಿಗೂ ಮಂಡಿ ನೋವಿದೆ. ಹಾಗಾಗಿ ಅವರು ಇಷ್ಟಪಟ್ಟ ಜಾಗಗಳನ್ನೇ ನಿಮಗೂ ಹೇಳುತ್ತೇನೆ.

ಮೊದಲನೆಯದು ವಂಡರ್‌ಲ್ಯಾಂಡ್. ಇದು ದ್ವೀಪದ ಪಶ್ಚಿಮ ಭಾಗದಲ್ಲಿದೆ. ಜನ ಕಡಿಮೆ. ಹೋಗಿ ಬರುವುದಕ್ಕೆ ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಹಳೆಯ ಜಲ್ಲಿ ರಸ್ತೆ, ಹೆಚ್ಚುಕಡಿಮೆ ಸಮತಟ್ಟು. ನೀರು ಇಳಿದ ಹೊತ್ತಿಗೆ ಅಲ್ಲಿರುವ ಹಾಗೆ ಹೊರಡಿ. ದಾರಿ ಮುಗಿದಲ್ಲಿ ಗಟ್ಟಿ ಜಾಗ ನೋಡಿ ಕೂತು, ಎದುರಿನ ಬಂಡೆಯನ್ನು ಮೇಲಿಂದ ಕೆಳಕ್ಕೆ ಗಮನಿಸಿ. ಮೇಲೆ ಒಂದು ಕಪ್ಪು ಪಟ್ಟೆ. ಅದು ಬಣ್ಣವಲ್ಲ, ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಜೀವಿಗಳು. ಅದರ ಕೆಳಗೆ ಬಾರ್ನಕಲ್‌ಗಳ ಬಿಳಿ ಪಟ್ಟೆ. ಚೂಪು ಅಂಚಿನ ಆ ಪುಟ್ಟ ಚಿಪ್ಪುಗಳು ಕಲ್ಲಿಗೆ ಕಚ್ಚಿಕೊಂಡಿರುತ್ತವೆ, ನೀರು ಬಂದಾಗ ಬಾಯಿ ತೆರೆದು ತಿನ್ನುತ್ತವೆ. ಇನ್ನೂ ಕೆಳಗೆ ಕಂದು ಹಸಿರಿನ ಕಡಲ ಪಾಚಿ ಜೋತು ಬಿದ್ದಿರುತ್ತದೆ. ಅದರಲ್ಲಿ ಸಣ್ಣ ಸಣ್ಣ ಗಾಳಿಗುಳ್ಳೆ ಇರುತ್ತವೆ. ನೀರು ಏರಿದಾಗ ಇಡೀ ಪಾಚಿಯನ್ನು ಬೆಳಕಿನ ಕಡೆಗೆ ಎತ್ತಿ ಹಿಡಿಯುವುದು ಆ ಗುಳ್ಳೆಗಳೇ. ಯಾವ ಜೀವಿ ಎಷ್ಟು ಹೊತ್ತು ನೀರಿಲ್ಲದೆ ತಡೆದುಕೊಳ್ಳಬಲ್ಲದು ಅನ್ನೋದು ಆ ಪಟ್ಟೆಗಳನ್ನು ನೋಡಿದರೇ ತಿಳಿಯುತ್ತದೆ. ಅಮ್ಮ ಅಲ್ಲಿ ಕೂತರೆ ಏಳುವುದೇ ಇಲ್ಲ. ಆದರೆ ಕಪ್ಪು ಪಟ್ಟೆಯ ಮೇಲೆ ಮಾತ್ರ ಕಾಲಿಡಬೇಡಿ. ಒದ್ದೆಯಾಗಿದ್ದರೆ ತುಂಬಾ ಜಾರುತ್ತದೆ. ಪಾಚಿಯೂ ಅಷ್ಟೇ.

ಎರಡನೆಯದು ಜೋರ್ಡನ್ ಪಾಂಡ್. ಕೊಳದ ಆಚೆ ತುದಿಗೆ ‘ಬಬಲ್ಸ್’ ಅನ್ನುವ ಎರಡು ದುಂಡು ಗುಡ್ಡ. ಈಚೆ ಹುಲ್ಲುಹಾಸಿನ ಮೇಲೆ ಕೂತು ಚಹಾ ಕುಡಿಯುವ ಪದ್ಧತಿ 19ನೇ ಶತಮಾನದ ಕೊನೆಯಿಂದಲೂ ಇದೆ. ಜೊತೆಗೆ ಕೊಡುವ ಪಾಪ್‌ಓವರ್ ಅನ್ನುವ ಉಬ್ಬಿದ ಬನ್ನಿಗೆ ಮೊಟ್ಟೆ ಹಾಕಿರುತ್ತಾರೆ. ನೀವು ತಿನ್ನದಿದ್ದರೆ ಮೊದಲೇ ಗೊತ್ತಿರಲಿ.

ಅಲ್ಲಿಂದಲೇ ಕ್ಯಾರೇಜ್ ರಸ್ತೆಗಳು ಸಿಗುತ್ತವೆ. ಪೆಟ್ರೋಲಿಯಂ ಉದ್ಯಮದ ಕುಬೇರರ ಮಗ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ತಮ್ಮ ಸ್ವಂತ ಹಣದಲ್ಲಿ, 1913ರಿಂದ 1940ರವರೆಗೆ ಕಟ್ಟಿಸಿದ್ದು. ಒಟ್ಟು 45 ಮೈಲಿ, ಅಂದರೆ 72 ಕಿಲೋಮೀಟರ್. ಮೋಟಾರು ಗಾಡಿಗೆ ಪ್ರವೇಶ ಇಲ್ಲ. ಕುದುರೆ ಗಾಡಿ ಎಳೆಯಲಿ ಅಂತ ಇಳಿಜಾರು ಹದವಾಗಿ ಇಟ್ಟಿದ್ದಾರೆ. ಅದೇ ನಿಮ್ಮ ಮಂಡಿಗೂ ಅನುಕೂಲ. ನಡೆಯುವಷ್ಟು ನಡೆದು ವಾಪಸ್ ಬನ್ನಿ, ಸುತ್ತು ಮುಗಿಸಲೇಬೇಕು ಅಂತ ಹಟ ಬೇಡ.

ಇನ್ನೊಂದು ವಿಷಯ ಮಗಳಿಗೆ ಹೇಳಿ. 2026ರ ಜನವರಿಯಿಂದ, ಅಮೆರಿಕದ ನಿವಾಸಿಗಳಲ್ಲದ 16 ವರ್ಷ ತುಂಬಿದವರಿಗೆ ಅಕೇಡಿಯಾ ಸೇರಿ 11 ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ಬೇರೆ ಉದ್ಯಾನಗಳಿಗೂ ಹೋಗುವವರಿದ್ದರೆ ವಾರ್ಷಿಕ ಪಾಸ್ ಲಾಭವೋ ಏನೋ, ಹೊರಡುವ ಮೊದಲೇ ಲೆಕ್ಕ ಹಾಕಲಿ.

ಪ್ರಶ್ನೆ: ನಾನು ಇಲ್ಲಿ ಓದುತ್ತಿರುವ ಕಾರವಾರದ ಹುಡುಗ. ಗೆಳೆಯರ ಜೊತೆ ಥಂಡರ್ ಹೋಲ್ ನೋಡೋಕೆ ಹೋಗಿದ್ದೆ. ವಿಡಿಯೋದಲ್ಲಿ ಗುಡುಗಿನ ಸದ್ದು, ಆಳೆತ್ತರದ ನೀರು. ನಾವು ಹೋದಾಗ ನೀರು ಸುಮ್ನೆ ಗುಳುಗುಳು ಅಂತಿತ್ತು. ಇನ್ನೊಮ್ಮೆ ಹೋಗಬೇಕಾ?
– ವಿದ್ಯಾರ್ಥಿ, ಬಾಸ್ಟನ್

ಉತ್ತರ: ಹೋಗಿ, ಆದರೆ ಹೊತ್ತು ನೋಡಿ ಹೋಗಿ. ಥಂಡರ್ ಹೋಲ್ ಅಂದರೆ ಬಂಡೆಯಲ್ಲಿ ಕಡಲು ಕೊರೆದ ಕಿರಿದಾದ ಸೀಳು. ಅದರ ಕೊನೆಗೆ ಸಣ್ಣ ಗುಹೆ. ಅಲೆ ಒಳಗೆ ನುಗ್ಗಿದಾಗ ಗುಹೆಯ ಗಾಳಿ ಸಿಕ್ಕಿಬಿದ್ದು ಒತ್ತಿಕೊಳ್ಳುತ್ತದೆ, ಆಮೇಲೆ ನೀರನ್ನೂ ಎಳೆದುಕೊಂಡು ಒಮ್ಮೆಲೇ ಹೊರಗೆ ಸಿಡಿಯುತ್ತದೆ. ಗುಡುಗು ಅದೇ. ನೀರು ತೀರಾ ಇಳಿದಿದ್ದರೆ ಅಲೆ ಗುಹೆಯ ಬಾಯಿ ಮುಚ್ಚುವುದಿಲ್ಲ, ಪೂರ್ತಿ ಏರಿದ್ದರೆ ಒಳಗೆ ಗಾಳಿಗೆ ಜಾಗ ಇರುವುದಿಲ್ಲ. ಪೂರ್ಣ ಉಬ್ಬರಕ್ಕೆ ಒಂದೆರಡು ಗಂಟೆ ಮುಂಚಿನ ಹೊತ್ತು ಒಳ್ಳೆಯದು, ಕಡಲಿನಲ್ಲಿ ಅಲೆಯೂ ಇರಬೇಕು. ನೀವು ಹೋಗಿದ್ದು ಮಧ್ಯಾಹ್ನ ಊಟ ಆದ ಮೇಲೆ, ಬಿಡುವು ನೋಡಿಕೊಂಡು, ಅಲ್ವಾ? ಅಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಹೋಗುವುದು ಹಾಗೇ.

ಕಾರವಾರದವರಿಗೆ ಉಬ್ಬರ ಇಳಿತ ನಾನು ಹೇಳಿಕೊಡಬೇಕಿಲ್ಲ. ಆದರೆ ನಮ್ಮ ಕಡೆ ಎರಡು ಮೀಟರಿನ ಒಳಗೇ ಮುಗಿಯುವ ಏರಿಳಿತ ಅಲ್ಲಿ ಮೂರು, ನಾಲ್ಕು ಮೀಟರ್ ಮುಟ್ಟುತ್ತದೆ. ಉತ್ತರಕ್ಕೆ ಕೆನಡಾದ ಫಂಡಿ ಕೊಲ್ಲಿಗೆ ಹೋದರೆ 16 ಮೀಟರ್‌ವರೆಗೂ ಇದೆ. ಪ್ರತಿದಿನ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ನಿನ್ನೆ ಹೋದವರ ಮಾತು ನಂಬಿ ಹೊರಡಬೇಡಿ. ಬಾರ್ ಹಾರ್ಬರ್ ಪೇಟೆಯ ಎದುರಿಗಿರುವ ಬಾರ್ ಐಲೆಂಡ್‌ಗೂ ಇದೇ ಲೆಕ್ಕ. ನೀರು ಪೂರ್ತಿ ಇಳಿಯುವ ಹೊತ್ತಿಗೆ ಒಂದೂವರೆ ಗಂಟೆ ಮೊದಲು ಜಲ್ಲಿಯ ದಾರಿ ಮೇಲೇಳುತ್ತದೆ, ಒಂದೂವರೆ ಗಂಟೆ ಆದ ಮೇಲೆ ಮುಳುಗುತ್ತದೆ. ತಡ ಮಾಡಿದರೆ ಮುಂದಿನ ಇಳಿತದವರೆಗೆ ದ್ವೀಪದಲ್ಲೇ ಇರಬೇಕು. ದಾರಿಯ ಮೇಲೆ ಕಾರು ನಿಲ್ಲಿಸಿ ಹೋದವರ ಕಾರುಗಳು ನೀರಿನಲ್ಲಿ ಮುಳುಗಿದ್ದೂ ಇದೆ.

ಒಂದು ಮಾತು ಕೈಮುಗಿದು ಕೇಳುತ್ತೇನೆ. ಬಿರುಗಾಳಿ ಎಲ್ಲೋ ದೂರದಲ್ಲಿದೆ, ಇಲ್ಲಿ ಬಿಸಿಲಿದೆ ಅಂತ ಅಲೆ ನೋಡಲು ಬಂಡೆಗೆ ಇಳಿಯಬೇಡಿ. 2009ರ ಆಗಸ್ಟ್‌ನಲ್ಲಿ ಹರಿಕೇನ್ ಬಿಲ್ ಅನ್ನುವ ಚಂಡಮಾರುತ ಕಡಲಿನಲ್ಲಿ ದೂರದಲ್ಲೇ ಹಾದು ಹೋಗಿತ್ತು. ಥಂಡರ್ ಹೋಲ್ ಹತ್ತಿರ ಅಲೆ ನೋಡುತ್ತಾ ನಿಂತಿದ್ದವರನ್ನು ಒಂದು ದೊಡ್ಡ ಅಲೆ ಕೊಚ್ಚಿಕೊಂಡು ಹೋಯಿತು. ಏಳು ವರ್ಷದ ಹುಡುಗಿ ತೀರಿಕೊಂಡಳು. ಅಲ್ಲಿ ಬೇಸಿಗೆಯಲ್ಲೂ ನೀರು 13 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪ. ಕಾರವಾರದಲ್ಲಿ ಈಜು ಕಲಿತ ಗಟ್ಟಿಗನಿಗೂ ಆ ಚಳಿಯಲ್ಲಿ ಕೈಕಾಲು ಬೇಗ ಸೋಲುತ್ತವೆ.

ಪ್ರಶ್ನೆ: ಮಲೆನಾಡಿನ ಕಾಡು ನೋಡಿ ಬೆಳೆದ ನನಗೆ ಅಲ್ಲಿಯ ಕಾಡು ಹೇಗಿದೆ ತಿಳಿಯುವ ಆಸೆ. ಮಗ ಕರೆದಿದ್ದಾನೆ. ಇಂಬಳ ಇದೆಯಾ?
– ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಮೇಷ್ಟ್ರೇ, ಇಂಬಳ ಇಲ್ಲ. ಆದರೆ ಉಣುಗು ಇದೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಿಮ್ಮ ಕಡೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹಾಗಾಗಿ ಉಣುಗಿನ ಭಯ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯದು ಲೈಮ್ ಕಾಯಿಲೆ, ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ತಿಳಿ ಬಣ್ಣದ ಪ್ಯಾಂಟ್ ಹಾಕಿ, ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ರಾತ್ರಿ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರಕ್ಕೇ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಆಮೇಲಿನ ವಾರಗಳಲ್ಲಿ ಜ್ವರ ಬಂದರೆ, ಚರ್ಮ ಕೆಂಪಾಗಿ ಹರಡುತ್ತಾ ಹೋದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಇನ್ನು ಕಾಡು. ನಮ್ಮ ಮಲೆನಾಡಿನಲ್ಲಿ ಒಂದು ಮಾರು ದೂರದಲ್ಲಿ ಎಷ್ಟೊಂದು ಜಾತಿಯ ಮರ! ಅಲ್ಲಿ ಬೆರಳೆಣಿಕೆಯಷ್ಟು. ತೀರದಲ್ಲಿ ಸ್ಪ್ರೂಸ್, ಬಾಲ್ಸಮ್ ಫರ್ ಮುಖ್ಯ. ತಣ್ಣನೆಯ ಕಡಲು, ಮಂಜು ಎರಡೂ ಅವಕ್ಕೆ ಹಿಡಿಸುತ್ತವೆ. ಕೊಂಬೆಗಳಿಂದ ಬೂದುಹಸಿರು ಕಲ್ಲುಹೂವು ಗಡ್ಡದಂತೆ ಇಳಿಬಿದ್ದಿರುತ್ತದೆ. ಎರಡು ಮರ ಗುರುತಿಸಲು ಸುಲಭ ದಾರಿ ಇದೆ. ಒಂದು ಎಲೆ ತೆಗೆದುಕೊಂಡು ಎರಡು ಬೆರಳ ನಡುವೆ ಹೊರಳಿಸಿ. ಸ್ಪ್ರೂಸ್ ಆದರೆ ಹೊರಳುತ್ತದೆ, ತುದಿ ಚುಚ್ಚುತ್ತದೆ. ಫರ್ ಎಲೆ ಚಪ್ಪಟೆ, ಹೊರಳುವುದಿಲ್ಲ. ಅದನ್ನೇ ಹಿಚುಕಿದರೆ ಒಳ್ಳೆಯ ಘಮ.

ನೀವು ಅಕ್ಟೋಬರ್‌ನಲ್ಲಿ ಹೋದರೆ ದ್ವೀಪದ ಪೂರ್ವದಲ್ಲಿ ಹಳದಿ, ಕೆಂಪು ಎಲೆ ತುಂಬಿರುತ್ತದೆ, ಪಶ್ಚಿಮದಲ್ಲಿ ಕಡುಹಸಿರೇ ಜಾಸ್ತಿ. ಕಾರಣ ಬೆಂಕಿ. 1947ರ ಅಕ್ಟೋಬರ್‌ನಲ್ಲಿ, ಬರದಿಂದ ಒಣಗಿದ್ದ ಕಾಡಿಗೆ ಬೆಂಕಿ ಬಿದ್ದು ದ್ವೀಪದಲ್ಲಿ 17,000 ಎಕರೆಗೂ ಜಾಸ್ತಿ ಸುಟ್ಟಿತು. ಅದರಲ್ಲಿ 10,000 ಎಕರೆಗೂ ಮೀರಿ ಉದ್ಯಾನದ್ದೇ. ಸ್ಪ್ರೂಸ್ ಸುಟ್ಟು ಬಯಲಾದ ಜಾಗಕ್ಕೆ ಬಿಸಿಲು ಬೇಡುವ, ಎಲೆ ಉದುರುವ ಬರ್ಚ್, ಆಸ್ಪೆನ್ ಮರಗಳು ಬಂದವು. ಜನ ಫೋಟೋ ತೆಗೆಯುವ ಬಣ್ಣ ಬಹುಪಾಲು ಆ ಬೆಂಕಿಯ ನಂತರ ಬಂದ ಮರಗಳದ್ದು. ಈಗ ಅವುಗಳ ನೆರಳಲ್ಲಿ ಸ್ಪ್ರೂಸ್, ಫರ್ ಸಸಿಗಳು ಮತ್ತೆ ಮೇಲೇಳುತ್ತಿವೆ. ಬಗ್ಗಿ ನೋಡಿ, ಕಾಣುತ್ತವೆ.

ಪ್ರಶ್ನೆ: ಅಮೆರಿಕದಲ್ಲಿ ಎಲ್ಲರಿಗಿಂತ ಮೊದಲು ಸೂರ್ಯ ಕಾಣುವುದು ಕ್ಯಾಡಿಲಾಕ್ ಬೆಟ್ಟದ ಮೇಲಂತೆ. ನಿಜವಾ?
– ಓದುಗರು, ಹಾಸನ

ಉತ್ತರ: ವರ್ಷವಿಡೀ ಅಲ್ಲ. ಅಕ್ಟೋಬರ್ ಮೊದಲ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಮಾತ್ರ. ಡಿಸೆಂಬರ್‌ನಿಂದ ಏಪ್ರಿಲ್ ಮಧ್ಯದವರೆಗೆ ಬೆಟ್ಟದ ರಸ್ತೆ ಕಾರಿಗೆ ಮುಚ್ಚಿರುತ್ತದೆ. ಬೆಟ್ಟ 466 ಮೀಟರ್. ಮೇ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಕಾರಿಗೆ ಮುಂಗಡ ಬುಕಿಂಗ್ ಬೇಕು. ಬಹುಪಾಲು ಟಿಕೆಟ್ ಎರಡು ದಿನ ಮುಂಚೆ ಬೆಳಿಗ್ಗೆ 10ಕ್ಕೆ ಬಿಡುತ್ತಾರೆ. ಸಿಗದಿದ್ದರೆ ಬೇಜಾರು ಬೇಡ. ನನಗಂತೂ ದ್ವೀಪದ ಆಚೆ, ಮುಖ್ಯ ಭೂಭಾಗಕ್ಕೆ ಅಂಟಿಕೊಂಡ, ಉದ್ಯಾನದ್ದೇ ಆದ ಸ್ಕೂಡಿಕ್ ತುದಿಯೇ ಮೇಲು. ಅಲ್ಲಿ ಗುಲಾಬಿ ಗ್ರಾನೈಟಿನ ನಡುವೆ ಕರಿಕಲ್ಲಿನ ಅಗಲವಾದ ಪಟ್ಟಿಗಳು ಕಡಲಿನ ಕಡೆ ಹಾದು ಹೋಗಿವೆ. ಬಂಡೆಯ ಬಿರುಕಿಗೆ ಕೆಳಗಿನಿಂದ ನುಗ್ಗಿದ ಕಾದ ಶಿಲಾರಸ ಗಟ್ಟಿಯಾಗಿ ಆದದ್ದು. ಬೆಳಗಿನ ಬಿಸಿಲು ಅಡ್ಡ ಬಿದ್ದಾಗ ಎರಡೂ ಬಣ್ಣ ಚೆನ್ನಾಗಿ ಕಾಣುತ್ತವೆ.

ಪ್ರಶ್ನೆ: ಬೋಲ್ಡರ್ ಬೀಚಿನ ಉರುಟು ಕಲ್ಲು ಒಂದೆರಡು ಮನೆಗೆ ತರಬಹುದಾ? ಮೊಮ್ಮಗನಿಗೆ ಆಸೆ.
– ಓದುಗರು, ಧಾರವಾಡ

ಉತ್ತರ: ಬೇಡ, ಅದಕ್ಕೆ ಕಾನೂನಿನ ನಿಷೇಧ ಇದೆ. ಎಲ್ಲರೂ ಒಂದೊಂದು ಒಯ್ದರೆ ಬೀಚೇ ಉಳಿಯುವುದಿಲ್ಲ. ಹುಡುಗನನ್ನು ಅಲ್ಲೇ ಕೂರಿಸಿ ಸದ್ದು ಕೇಳಿಸಿ. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಒಂದಕ್ಕೊಂದು ತಾಗಿ ಉರುಳುತ್ತವೆ, ಅವು ದುಂಡಗಾಗಿದ್ದು ಹಾಗೇ ಅಂತ ಅವನಿಗೆ ತಾನಾಗಿ ಹೊಳೆಯುತ್ತದೆ. ಆಗಸ್ಟ್ ಆದರೆ ಕಾಡು ಬ್ಲೂಬೆರಿ ಹಣ್ಣಾಗಿರುತ್ತದೆ. ತಿನ್ನುವಷ್ಟು ಕಿತ್ತುಕೊಳ್ಳಲು ಅಡ್ಡಿಯಿಲ್ಲ. ಮನೆಗೆ ಒಯ್ಯಲು ಪೇಟೆಯಲ್ಲಿ ಅದರ ಜಾಮ್ ಸಿಗುತ್ತದೆ.