ಕರಾಟೆ ಕಲ್ತೋರು ವಿಂಗ್ ಚುನ್ ಸೆಮಿನಾರ್‌ಗೆ ಹೋಗ್ಬಹುದಾ? ಪ್ರತಿಕ್ರಿಯೆ

ಎರಡು ವರ್ಷದಿಂದ ಕರಾಟೆ ಮಾಡ್ತಿದೀನಿ, ವಿಂಗ್ ಚುನ್ (ಚೀನಾದ ಒಂದು ಕುಂಗ್ ಫು ಸ್ಟೈಲು) ಗಂಧಗಾಳಿನೂ ಗೊತ್ತಿಲ್ಲ, ಅಷ್ಟು ನುರಿತ ಸಿಫು (ಅಂದ್ರೆ ಗುರು) ಮುಂದೆ ನಗೆಪಾಟಲಾಗಲ್ವಾ ಅಂತ ಕೇಳಿದೀರಲ್ಲ, ಆರಾಮಾಗಿ ಹೋಗಿ. ಬೇರೆ ಸ್ಟೈಲಿನವ್ರು ಬರೋದು ಮಾಮೂಲಿ.

ಹೆಚ್ಚಾಗಿ ಮೊದಲ್ನೇ ಫಾರ್ಮ್ (ಕರಾಟೆ ಕಾಟಾ ಥರ, ಒಂದಾದ್ಮೇಲೊಂದು ಮಾಡೋ ಚಲನೆಗಳ ಸರಣಿ) ಸಿಯು ನಿಮ್ ತಾವ್ ಇಂದಾನೇ ಶುರು ಮಾಡ್ತಾರೆ, ನಿಂತ ಜಾಗ ಬಿಟ್ಟು ಕದಲೋ ಹಾಗಿಲ್ಲ, ಬರೀ ಕೈಯಿಂದೇ ಕೆಲ್ಸ, ಸ್ವಲ್ಪ ಬೋರ್ ಹೊಡೀಬಹುದು, ಆದ್ರೆ ಮೊಣಕೈ ಎಲ್ಲಿರ್ಬೇಕು ಅನ್ನೋದು ತಲೆಗೆ ಹೋಗೋದು ಅಲ್ಲೇ.

ನಿಜವಾದ ಮಜಾ ಇರೋದು ಚಿ ಸಾವ್‌ನಲ್ಲಿ. ಎದುರಾಳಿ ಮುಂಗೈಗೆ ನಿಮ್ಮ ಮುಂಗೈ ತಾಗಿಸ್ಕೊಂಡು ಮೆಲ್ಲಗೆ ತಿರುಗಿಸ್ತಾ ಇರ್ತೀರ, ಇದು ಫೈಟ್ ಅಲ್ಲ, ಸ್ಪರ್ಶದಲ್ಲೇ ಅವ್ರ ಬಲ ಯಾವ ಕಡೆ ಹೋಗ್ತಿದೆ ಅಂತ ತಿಳ್ಕೊಳ್ಳೋ ಅಭ್ಯಾಸ. ಭುಜ ಬಿಗಿ ಮಾಡ್ಕೊಂಡು ಜೋರಾಗಿ ಒತ್ತಿದ್ರೋ, ಸಿಫು ಕೈ ಸ್ವಲ್ಪ ಸಡಿಲ ಮಾಡ್ತಾರೆ, ನೀವು ಮುಗ್ಗರಿಸೋ ಅಷ್ಟರಲ್ಲಿ ಇನ್ನೊಂದು ಕೈ ನಿಮ್ಮ ಎದೆ ಮೇಲಿರುತ್ತೆ! ಕರಾಟೆಯವ್ರಿಗೆ ಕೈ ಸೊಂಟಕ್ಕೆ ಎಳ್ಕೊಳ್ಳೋ ರೂಢಿ ಇರುತ್ತೆ, ಇಲ್ಲಿ ಹಾಗೆ ಎಳೆದ್ರೆ ನಿಮ್ಮ ಮೈ ಮಧ್ಯದ ಗೆರೆ ಪೂರ್ತಿ ಖಾಲಿ, ಅಲ್ಲಿಂದಾನೇ ಏಟು ಬೀಳೋದು, ಅದೊಂದು ಗಮನ ಇಟ್ಕೊಳ್ಳಿ.

ಡೆಮೊಗೆ ಯಾರಾದ್ರೂ ಬನ್ನಿ ಅಂದ್ರೆ ತಕ್ಷಣ ಮುಂದೆ ಹೋಗಿ, ನೋಡಿ ಕಲಿಯೋದಕ್ಕೂ ಆ ಕೈ ಮುಟ್ಟಿ ಕಲಿಯೋದಕ್ಕೂ ಅಜಗಜಾಂತರ. ಒಬ್ಬೊಬ್ರ ಹತ್ರಾನೂ ಬಂದು ಕೈ ಕೊಡೋ ಸಿಫು ಆದ್ರೆ ಫೀಸು ವಸೂಲ್, ಬರೀ ಸ್ಟೇಜ್ ಮೇಲಿಂದ ಕಥೆ ಹೇಳೋರಾದ್ರೆ (ಅಂಥವ್ರೂ ಇದಾರೆ) ಯೂಟ್ಯೂಬೇ ಸಾಕಿತ್ತು ಅನ್ಸುತ್ತೆ. ನಮ್ಮ ಕರಾಟೇಲಿ ಹಿಂಗಿಲ್ಲ ಅಂತ ವಾದ ಮಾತ್ರ ಬೇಡ.

ಉಗುರು ಕತ್ತರಿಸ್ಕೊಳ್ಳಿ, ಉಂಗುರ, ವಾಚು ತೆಗೆದಿಡಿ, ವಿಡಿಯೋ ಮಾಡೋ ಮುಂಚೆ ಕೇಳ್ಬಿಡಿ. ಯಾವ ಲಿನಿಯೇಜ್ (ಗುರು ಪರಂಪರೆ) ಸಿಫು ಅಂತ ಗೊತ್ತಿದ್ರೆ ಹೇಳಿ, ಒಂದೊಂದ್ರಲ್ಲೂ ಕಾಲಿನ ಮೇಲೆ ಮೈ ತೂಕ ಹಾಕೋ ರೀತಿ ಬೇರೆ ಇರುತ್ತೆ.